ಕೊಟ್ಟ ಮಾತು, ಕೆಟ್ಟ ಮಾತು

ಫೆಬ್ರವರಿ 11

ಅಣ್ಣನಿಗೆ,

ಫೋನ್ ಇರುವಾಗ ಕಾಗದ ಯಾಕೆ ಎಂದು ಹುಬ್ಬು ಏರಿಸಬೇಡ. ಫೋನಿನಲ್ಲಿ ನಾನು ಎರಡು ಮಾತಾಡುವಷ್ಟರಲ್ಲಿ ನೀನು ಚರ್ಚಿನ ಪ್ರಸಂಗಕ್ಕೆ ಇಳಿದುಬಿಡುತ್ತೀಯ. ಪಾಸ್ಟರನ್ನು ಅಣ್ಣನಾಗಿ ಪಡೆದವಳ ಹಣೆಬರಹ. ಕಾಗದದಲ್ಲಾದರೆ ನನ್ನ ಮಾತು ಮುಗಿಯುವ ತನಕ ನೀನು ಬಾಯಿ ಹಾಕುವಂತಿಲ್ಲ. ಮೇಲಾಗಿ ಈ ಒಂದೂವರೆ ಕೋಣೆಯ ಮನೆಯಲ್ಲಿ ಏನು ಮಾತಾಡಿದರೂ ನಿನ್ನ ಭಾವನಿಗೆ ಕೇಳಿಸುತ್ತದೆ. ಲಕ್ವ ಹೊಡೆದದ್ದು ಅವರ ಬಲಗೈಗೆ, ಬಲಗಾಲಿಗೆ, ನಾಲಿಗೆಗೆ. ಕಿವಿಗಲ್ಲ.

ಈ ತಿಂಗಳಿಗೆ ಮೂರು ವರ್ಷ ತುಂಬಿತು. ಇಪ್ಪತ್ತು ವರ್ಷ ಬಸ್ಸು ಓಡಿಸಿದ ಮನುಷ್ಯ ಈಗ ಕಿಟಕಿಯ ಬಳಿ ಗಾಲಿಕುರ್ಚಿಯಲ್ಲಿ ಕುಳಿತು ಹೋಗಿಬರುವ ಬಸ್ಸುಗಳನ್ನು ನೋಡುತ್ತಾರೆ. ಬಾಯಲ್ಲಿ ಉಳಿದಿರುವುದು ಒಂದೇ ಮಾತು, ನಿನಗೆ ಗೊತ್ತಲ್ಲ: "ದರಿದ್ರ." ಹಸಿವಾದರೂ ಅದೇ, ಹೊಟ್ಟೆ ತುಂಬಿದರೂ ಅದೇ. ಹೋದ ವಾರ ಇಲ್ಲಿನ ಪಾಸ್ಟರು ಬಂದು ಅರ್ಧ ಗಂಟೆ ಪ್ರಾರ್ಥನೆ ಮಾಡಿದರು. ಎಲ್ಲರೂ "ಆಮೆನ್" ಎಂದಾಗ ಇವರು ಗಟ್ಟಿಯಾಗಿ "ದರಿದ್ರ!" ಎಂದರು. ಪಾಸ್ಟರ ಮುಖ ನೋಡಬೇಕಿತ್ತು. ನಾನು ಅಡುಗೆಮನೆಗೆ ಓಡಿಹೋಗಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ.

ನನ್ನ ಕೆಲಸ ಹೇಗಿತ್ತೋ ಹಾಗೇ ಇದೆ. ಕನ್ನಡಕದ ಅಂಗಡಿಯ ಹಿಂದಿನ ಕೋಣೆ, ಗಾಜಿನ ಅಂಚು ಉಜ್ಜುವ ಯಂತ್ರ, ಅದರ ಕಿರ್ರೆನ್ನುವ ಸದ್ದು. ಒಂದೆಳೆ ವಾರೆಯಾದರೂ ಹಾಕಿಕೊಂಡವರಿಗೆ ತಲೆನೋವು ಗ್ಯಾರಂಟಿ.

ಒಂದು ವಿಷಯ ಕೇಳಬೇಕಿತ್ತು. ಅಂಗಡಿಯಲ್ಲಿ ನನ್ನ ಜೊತೆ ಒಬ್ಬಳಿದ್ದಾಳೆ. ಅವಳ ಗಂಡನೂ ಹಾಸಿಗೆ ಹಿಡಿದವನೇ. ಒಬ್ಬ ಒಳ್ಳೆಯ ಮನುಷ್ಯ ಅವಳನ್ನು ಕರೆಯುತ್ತಿದ್ದಾನೆ, ಮರ್ಯಾದೆಯಿಂದಲೇ. ಗಂಡನನ್ನು ನೋಡಿಕೊಳ್ಳುವವರ ಕೈಗೆ ಒಪ್ಪಿಸಿ ನನ್ನ ಜೊತೆ ಬಾ ಎನ್ನುತ್ತಾನೆ. ಅವಳು ನನ್ನನ್ನು ಕೇಳಿದಳು, ಅಣ್ಣನನ್ನು ಕೇಳಿ ಹೇಳುತ್ತೇನೆ ಎಂದೆ. ನೀನೇನು ಹೇಳುತ್ತೀಯ?

ನಿನ್ನ ಮೊಂಡಿ

*

ಫೆಬ್ರವರಿ 20

ಕರ್ತನಲ್ಲಿ ಪ್ರಿಯಳಾದ ತಂಗಿಗೆ ವಂದನೆಗಳು.

ನಿನ್ನ ಕಾಗದ ತಲುಪಿತು. ಭಾವನವರಿಗಾಗಿ ಪ್ರತಿದಿನ ಪ್ರಾರ್ಥಿಸುತ್ತಿದ್ದೇನೆ.

ನಿನ್ನ ಗೆಳತಿಯ ವಿಷಯದಲ್ಲಿ ಯೋಚಿಸಲು ಏನೂ ಇಲ್ಲ. ಮೊದಲನೆಯದಾಗಿ, ಮದುವೆಯ ಒಡಂಬಡಿಕೆ ಆರೋಗ್ಯವಂತರಿಗಷ್ಟೇ ಮಾಡಿದ್ದಲ್ಲ. ಎರಡನೆಯದಾಗಿ, ಶೋಧನೆ, ಅಂದರೆ ದಾರಿ ತಪ್ಪಿಸುವ ಸೆಳೆತ, ಯಾವಾಗಲೂ ಒಳ್ಳೆಯ ಮುಖ ಹೊತ್ತುಕೊಂಡೇ ಬರುತ್ತದೆ. ಕೋರೆಹಲ್ಲು ತೋರಿಸಿಕೊಂಡು ಬಂದರೆ ಯಾರು ಬಾಗಿಲು ತೆಗೆಯುತ್ತಾರೆ? ಮೂರನೆಯದಾಗಿ, ಒಂದು ಸಲ "ಯೋಚಿಸುತ್ತೇನೆ" ಎಂದವಳು ಆಗಲೇ ಅರ್ಧ ದಾರಿ ಹೋಗಿದ್ದಾಳೆ. ಆ ಹೆಂಗಸಿನ ಜೊತೆ ನಿನ್ನ ಒಡನಾಟ ಕಡಿಮೆ ಮಾಡು. ಇಂಥ ಮಾತು ನೆಗಡಿಯ ಹಾಗೆ, ಹತ್ತಿರ ಕುಳಿತವರಿಗೆ ಅಂಟುತ್ತದೆ.

ನಮ್ಮ ಚರ್ಚಿನ ಸಭೆಗೆ ಹೊಸ ಆರ್ಗನ್ ಬಂದಿದೆ. ನುಡಿಸುವವರೂ ಸಿಕ್ಕಿದ್ದಾರೆ. ಬಹಳ ಚೆನ್ನಾಗಿ ನುಡಿಸುತ್ತಾರೆ. ಅಭ್ಯಾಸಕ್ಕೆ ನಾನೂ ಹೋಗಿ ಕೂರುತ್ತೇನೆ. ನಿನ್ನ ಅತ್ತಿಗೆ ಕುಶಲ. ಶಾಲೆಯಲ್ಲಿ ಪರೀಕ್ಷೆಯ ಕಾಲ, ಮನೆ ತುಂಬ ಉತ್ತರಪತ್ರಿಕೆ.

ನಿನ್ನ ಅಣ್ಣ

*

ಮಾರ್ಚ್ 3

ಮೂರು ಅಂಶ ಬರೆದು ಕಳಿಸಿದ ಪಾಸ್ಟರವರಿಗೆ,

ಈ ಕಾಗದ ಅಣ್ಣನಿಗಲ್ಲ. ಅವನು ಮನೆಯಲ್ಲಿದ್ದರೆ ಆಮೇಲೆ ಕೊಡಿ.

ಆ ಹೆಂಗಸಿನ ಜೊತೆ ಒಡನಾಟ ಕಡಿಮೆ ಮಾಡಲು ನನ್ನಿಂದ ಆಗುವುದಿಲ್ಲ. ಆ ಹೆಂಗಸು ನಾನೇ.

ಕುಳಿತುಕೋ, ಅಣ್ಣಾ. ನೀರು ಕುಡಿ. ಈಗ ಕೇಳು.

ಅವರು ನಮ್ಮ ಅಂಗಡಿಗೆ ಹದಿನೈದು ದಿನಕ್ಕೊಮ್ಮೆ ಕನ್ನಡಕದ ಫ್ರೇಮುಗಳನ್ನು ತರುವವರು. ಎಲ್ಲರೂ ಫ್ರೇಮಿನವರು ಎಂದೇ ಕರೆಯುತ್ತಾರೆ. ಹೆಂಡತಿ ತೀರಿಕೊಂಡು ಆರು ವರ್ಷ. ಗಾಲಿಕುರ್ಚಿಯ ಚಕ್ರ ಕಿತ್ತುಹೋದ ದಿನ ಮನೆಗೆ ಬಂದು ಸರಿ ಮಾಡಿಕೊಟ್ಟರು. ಬಂದವರು ಹಾಗೇ ಇವರ ಗಡ್ಡ ಬೋಳಿಸಿ, ತಲೆ ಬಾಚಿ, "ಈಗ ನೋಡಿ, ಮದುಮಗ" ಎಂದರು. ಇವರು "ದರಿದ್ರ" ಎಂದು ನಕ್ಕರು. ಸಭೆಯ ಹೆಂಗಸರು ನನ್ನನ್ನು ಸಂತಳು ಎನ್ನುತ್ತಾರೆ. ಸಂತಳಿಗೆ ಒಂದು ಗಂಟೆ ಬಿಡುವು ಕೊಡಲು ಅವರಲ್ಲಿ ಒಬ್ಬರೂ ಇದುವರೆಗೆ ಹೊಸ್ತಿಲು ದಾಟಿಲ್ಲ.

ಒಂದು ಮಧ್ಯಾಹ್ನ ಫ್ರೇಮಿನವರು ನನ್ನ ಹಳೆಯ ಕನ್ನಡಕ ತೆಗೆದು ಬೆಳಕಿಗೆ ಹಿಡಿದರು. ತುಂಬ ಗೀರು. "ಊರಿಗೆಲ್ಲ ಕನ್ನಡಕ ಮಾಡ್ತೀರ, ನಿಮ್ಮ ಕಣ್ಣಿಗೆ ಮಾತ್ರ ದಿಕ್ಕಿಲ್ವಾ?" ಎಂದರು. ಸ್ಕೇಲು ಹಿಡಿದು ಒಂದು ಕಣ್ಣಿನಿಂದ ಇನ್ನೊಂದಕ್ಕೆ ಅಳತೆ ತೆಗೆದರು. ಆ ಅಳತೆ ದಿನಕ್ಕೆ ಹತ್ತು ಸಲ ನನ್ನ ಕೈಗೆ ಬರುತ್ತದೆ, ಅದಕ್ಕೆ ಅರ್ಧ ನಿಮಿಷ ಸಾಕು ಎಂದು ನನಗೆ ಗೊತ್ತು. ಅವರು ಹೆಚ್ಚು ಹೊತ್ತು ತೆಗೆದುಕೊಂಡರು. ನಾನೂ ತಲೆ ಅಲ್ಲಾಡಿಸದೆ ಕುಳಿತಿದ್ದೆ. ಮೂರು ವರ್ಷದಲ್ಲಿ ನನ್ನ ಮುಖವನ್ನು ಅಷ್ಟು ಹೊತ್ತು ಯಾರೂ ನೋಡಿರಲಿಲ್ಲ.

ಜೂನ್‌ನಲ್ಲಿ ಅವರು ಬೇರೆ ಊರಿಗೆ ಹೋಗಿ ಸ್ವಂತ ಅಂಗಡಿ ತೆರೆಯುತ್ತಾರೆ. ಕಾನ್ವೆಂಟಿನ ಸಿಸ್ಟರುಗಳು ನಡೆಸುವ ಒಂದು ಆರೈಕೆ ಮನೆಯಿದೆ, ನಿಮ್ಮವರನ್ನು ಅಲ್ಲಿ ಚೆನ್ನಾಗಿ ನೋಡಿಕೊಳ್ಳುತ್ತಾರೆ, ನೀವು ಬನ್ನಿ ಎನ್ನುತ್ತಾರೆ. ಕೋರೆಹಲ್ಲಿದ್ದರೆ ಎಷ್ಟು ಸುಲಭವಿತ್ತು! ಹುಡುಕಿದೆ, ಇಲ್ಲ.

ನಿನ್ನ ಭಾವ ಚೆನ್ನಾಗಿದ್ದಾಗಲೂ ನನ್ನನ್ನು ಹೊಗಳಿದವರಲ್ಲ, ಅದು ನಿನಗೂ ಗೊತ್ತು. ಮೂರು ಅಂಶ ಬೇಡ ಅಣ್ಣಾ. ಅಣ್ಣನಾಗಿ ಒಂದು ಮಾತು ಬರೆ.

ಮೊಂಡಿ

*

ಏಪ್ರಿಲ್ 27

ಪ್ರೀತಿಯ ಮೊಂಡಿ,

ಉತ್ತರ ತಡವಾಯಿತು. ಎಂಟು ವಾರ ಎಂಬುದು ಗೊತ್ತಿದೆ. ಕೆಲಸ ಜಾಸ್ತಿಯಿತ್ತು.

ಹಿಂದಿನ ಕಾಗದದಲ್ಲಿ ಒರಟಾಗಿ ಬರೆದೆ, ಕ್ಷಮಿಸು. ಹೊರಗೆ ನಿಂತವರಿಗೆ ನಿಯಮ ಹೇಳುವುದು ಸುಲಭ. ದೇವರು ಯಾರನ್ನೂ ಸಂಕೋಲೆ ಹಾಕಿ ಕೂರಿಸುವವನಲ್ಲ. ನೀನು ಮೂರು ವರ್ಷ ದುಡಿದಿದ್ದೀಯ, ಯಾರೂ ಬೊಟ್ಟು ಮಾಡುವ ಹಾಗಿಲ್ಲ. ಭಾವನಿಗೆ ಒಳ್ಳೆಯ ಆರೈಕೆ ಸಿಗುವುದಾದರೆ ನಿನ್ನ ಆಸೆಯನ್ನೂ ದೇವರೇ ಇಟ್ಟಿರಬಹುದಲ್ಲವೇ? ಅವಳು ನುಡಿಸುವಾಗ ಕೆಲವೊಮ್ಮೆ ನನಗೆ ಅನ್ನಿಸುತ್ತದೆ, ಇಷ್ಟು ಸುಂದರವಾದದ್ದು ಪಾಪ ಹೇಗಾದೀತು ಎಂದು. ಸಂಗೀತದ ಮಾತು ಹೇಳಿದೆ ಅಷ್ಟೆ.

ಹೊರಡುವ ದಿನ ಗೊತ್ತಾದರೆ ಮೊದಲು ನನಗೆ ಬರೆ. ಬೇರೆ ಯಾರಿಗೂ ಹೇಳುವುದಕ್ಕಿಂತ ಮೊದಲು.

ಅಣ್ಣ

*

ಮೇ 8

ಅಣ್ಣಾ,

ನಿನ್ನ ಕಾಗದ ಓದಿ ಕುಣಿದೆ. ನಿಜ ಹೇಳುತ್ತೇನೆ. ಉಜ್ಜುವ ಯಂತ್ರದ ಮುಂದೆ ಕುಳಿತು ಹಾಡು ಗುನುಗಿದೆ, ಅಂಗಡಿಯ ಯಜಮಾನಿ ಬಂದು "ಏನಮ್ಮ, ಸಂಬಳ ಜಾಸ್ತಿ ಮಾಡಿದ್ನಾ ನಾನು?" ಎಂದು ಕೇಳಿದರು. ಅವತ್ತೇ ಫ್ರೇಮಿನವರಿಗೆ "ಆಯ್ತು, ಆ ಮನೆ ನೋಡೋಣ" ಎಂದೆ.

ಶನಿವಾರ ಬೆಳಗ್ಗೆ ಮೂವರೂ ಹೋದೆವು. ಒಳ್ಳೆಯ ಜಾಗ. ತಪ್ಪು ಹುಡುಕಲೆಂದೇ ಮೂಲೆಮೂಲೆ ನೋಡಿದೆ, ಕಸ ಇಲ್ಲ, ವಾಸನೆ ಇಲ್ಲ, ಹಾಸಿಗೆಗಳು ಬಿಳಿ. ಯಾರೂ ಇಲ್ಲದವರಿಗೆ, ಕೈಲಾಗದವರಿಗೆ ಅದು ದೇವರ ಮನೆಯೇ. ಒಬ್ಬ ಆಯಾ ಬಂದು ಇವರ ಕೆನ್ನೆ ಮುಟ್ಟಿ "ಏನ್ ತಾತ, ಊಟ ಆಯ್ತಾ?" ಎಂದಳು. ಐವತ್ತೊಂದು ವರ್ಷದವರಿಗೆ ತಾತ!

ಇವರು "ದರಿದ್ರ" ಎಂದರು.

"ಅಯ್ಯೋ, ಬೈತಾರೆ!" ಎಂದು ಆಯಾ ನಕ್ಕಳು. ಫ್ರೇಮಿನವರೂ ನಕ್ಕರು. ಅದರಲ್ಲಿ ಕೆಟ್ಟತನವೇನೂ ಇರಲಿಲ್ಲ. ಆದರೆ ಇವರು ಬೈದಿರಲಿಲ್ಲ, ಅಣ್ಣಾ. ಉದ್ದ ಎಳೆದರೆ ನೀರು ಬೇಕು. ಕತ್ತರಿಸಿದ ಹಾಗೆ ಅಂದರೆ ಬೆನ್ನು ನೋವು. ಮೂಗಿನಲ್ಲಿ ಅಂದರೆ ತಮಾಷೆ. ಅವತ್ತು ಅಂದದ್ದು ಉಸಿರೊಳಗೆ, ಪಿಸುಮಾತಿನ ಹಾಗೆ. ಅದನ್ನು ನಾನು ಇದಕ್ಕೆ ಮೊದಲು ಒಂದೇ ಸಲ ಕೇಳಿದ್ದೆ, ಆಸ್ಪತ್ರೆಯಲ್ಲಿ ಎಚ್ಚರವಾಗಿ ಬಲಗೈ ಎತ್ತಲು ನೋಡಿ ಆಗದೇ ಹೋದಾಗ. ಹೆದರಿಕೆ ಅದು. ಈ ಭಾಷೆ ಲೋಕದಲ್ಲಿ ಇಬ್ಬರಿಗೇ ಬರುತ್ತದೆ. ಒಬ್ಬರು ಆಡುತ್ತಾರೆ, ಒಬ್ಬಳು ತಿಳಿದುಕೊಳ್ಳುತ್ತಾಳೆ. ಆ ಒಬ್ಬಳು ಬಸ್ಸು ಹತ್ತಿ ಹೋದರೆ ಇವರು ಮೂಗರಾಗುತ್ತಾರೆ.

ಕುರ್ಚಿ ತಿರುಗಿಸಿದೆ. ಹೊರಗೆ ಬಂದು ಫ್ರೇಮಿನವರಿಗೆ "ನಾನು ಬರಲ್ಲ" ಎಂದೆ.

"ನೀವು ದೇವರಿಗೆ ಹೆದರಿಕೊಂಡು ಬದುಕ್ತಾ ಇದೀರ" ಎಂದರು.

"ಹೆದರಿದ್ರೆ ಇಲ್ಲೀವರೆಗೆ ಬರ್ತಿರಲಿಲ್ಲ. ಮಾತು ಕೊಟ್ಟಿದೀನಿ."

"ಯಾರಿಗೆ? ಅವರಿಗೆ ಅದು ನೆನಪಾದ್ರೂ ಇದೆಯಾ?"

"ನನಗಿದೆಯಲ್ಲ."

"ನೀವು ಅಳ್ತಾ ಇದೀರ."

"ಅತ್ಕೊಂಡೇ ಹೇಳ್ತೀನಿ. ಬರಲ್ಲ."

ಅವರು ಜೋರು ಮಾಡಲಿಲ್ಲ. ಕುರ್ಚಿಯನ್ನು ರಸ್ತೆಯವರೆಗೆ ತಳ್ಳಿಕೊಟ್ಟು ಹೋದರು. ಅದೇ ಇನ್ನೂ ಕಷ್ಟವಾಯಿತು. ಮನೆಗೆ ಬಂದು ಪ್ರಾರ್ಥನೆಗೆ ಕುಳಿತೆ. ಪ್ರಾರ್ಥನೆಯೋ ಜಗಳವೋ ನನಗೇ ಗೊತ್ತಾಗಲಿಲ್ಲ. "ಕರ್ತನೇ, ನಾನು ಚೆನ್ನಾಗಿದ್ದೇನೆಂದು ನೀನು ನನ್ನನ್ನು ಹಿಡಿದುಕೊಂಡವನಲ್ಲ. ನಿನ್ನ ಹಿಡಿತ ನೋಡಿಯೇ ನಾನು ಕಲಿತದ್ದು. ಈಗ ಕೈ ನೋಯುತ್ತಿದೆ, ನೋಡಿಕೋ" ಎಂದೆ.

ಇನ್ನು ನಿನ್ನ ಸರದಿ. ಮಾರನೆಯ ದಿನ ನಿನ್ನ ಕಾಗದವನ್ನು ಮತ್ತೆ ಓದಿದೆ. ಈ ಸಲ ಸಭೆಯ ಮುದ್ರೆ ಇಲ್ಲದ ಕಾಗದ. "ಅತ್ತಿಗೆ ಕುಶಲ" ಇಲ್ಲ. ಫೆಬ್ರವರಿಯಲ್ಲಿ "ನುಡಿಸುವವರು" ಆಗಿದ್ದವರು ಏಪ್ರಿಲ್‌ನಲ್ಲಿ "ಅವಳು" ಆಗಿದ್ದಾರೆ. ನಾನು ಹೊರಡುವ ದಿನ ನಿನಗೇ ಮೊದಲು ಗೊತ್ತಾಗಬೇಕು, ಯಾಕೆ? ಅಣ್ಣಾ, ನೀನು ಎಲ್ಲಿದ್ದೀಯ?

ಮೊಂಡಿ

*

ಮೇ 14

ಮೊಂಡಿ,

ರೈಲು ನಿಲ್ದಾಣದ ಎದುರಿಗೆ ಒಂದು ಬಾಡಿಗೆ ಕೋಣೆಯಲ್ಲಿದ್ದೇನೆ. ಪುಸ್ತಕ ಬರೆಯಲು ಏಕಾಂತ ಬೇಕು ಎಂದು ನಿನ್ನ ಅತ್ತಿಗೆಗೆ ಹೇಳಿ ಬಂದೆ. ಒಂದು ಸಾಲೂ ಬರೆದಿಲ್ಲ. ಭಾನುವಾರ ಹೋಗಿ ಪ್ರಸಂಗ ಮಾಡಿ ಬರುತ್ತೇನೆ. ನನ್ನ ದನಿ ನನಗೇ ಬೇರೆ ಯಾರದೋ ಹಾಗೆ ಕೇಳಿಸುತ್ತದೆ.

ಅವಳು ಆರ್ಗನ್ ನುಡಿಸುವವಳು. ಮೊದಮೊದಲು ಹಾಡುಗಳ ಬಗ್ಗೆ ಮಾತಾಡುತ್ತಿದ್ದೆವು. ಆಮೇಲೆ ಮಾತಿಗೆ ಹಾಡು ಬೇಕಾಗಲಿಲ್ಲ. ಕೈ ಹಿಡಿದಿದ್ದೇನೆ. ಅದಕ್ಕಿಂತ ಮುಂದೆ ಹೋಗಿಲ್ಲ, ಆದರೆ ಹೋಗುತ್ತೇನೆಂದು ಮಾತು ಕೊಟ್ಟಿದ್ದೇನೆ. ಜೂನ್‌ನಲ್ಲಿ ಇಬ್ಬರೂ ಊರು ಬಿಡುವುದೆಂದು ಆಗಿದೆ. ರಾಜೀನಾಮೆ ಬರೆದು ಮೇಜಿನ ಮೇಲೆ ಇಟ್ಟಿದ್ದೇನೆ.

ನಿನಗೆ ಹಾಗೆ ಯಾಕೆ ಬರೆದೆ ಎಂದು ಕೇಳುತ್ತೀಯ. ನಮ್ಮ ಮನೆಯಲ್ಲಿ ಗಟ್ಟಿಗಿತ್ತಿ ನೀನು. ನೀನೇ ಹೊರಟರೆ, ನಾನು ಹೊರಡುವುದು ದೊಡ್ಡ ವಿಷಯವಲ್ಲ ಎಂದು ನನಗೆ ನಾನೇ ಹೇಳಿಕೊಳ್ಳಬಹುದಿತ್ತು. ಇಷ್ಟೇ ಸತ್ಯ.

ಅತ್ತಿಗೆಗೆ ಹೇಳಬೇಡ.

*

ಮೇ 17

ಅಣ್ಣಾ,

ನಿನ್ನ ಕಾಗದವನ್ನು ಹರಿದು ಹಾಕಿ, ಮತ್ತೆ ಜೋಡಿಸಿ ಓದಿದೆ.

ನಾನು ಮುಳುಗುತ್ತಾ ಕೈ ಚಾಚಿದೆ. ನೀನು ದಡದಲ್ಲಿ ನಿಂತು, ನೀರು ಎಷ್ಟು ಆಳ ಇದೆ ಎಂದು ನನ್ನ ಮೈಮೇಲೆ ಅಳೆಯುತ್ತಿದ್ದೆ! ಮೊದಲ ಕಲ್ಲು ನನ್ನ ಬೆನ್ನಿಗೆ ಬೀಳಲಿ, ಆಮೇಲೆ ಸದ್ದಿಲ್ಲದೆ ಹೋಗೋಣ ಎಂದು ಕಾದೆ. ನಾಚಿಕೆ ಆಗಬೇಕು ನಿನಗೆ. ನನಗೆ ಪ್ರಸಂಗ ಮಾಡಿ ಬೇಸರ ತರಿಸಿದ ಅಣ್ಣ ಎಷ್ಟೋ ವಾಸಿಯಾಗಿದ್ದ.

ನಾನು ಗಟ್ಟಿಗಿತ್ತಿಯಲ್ಲ. ಗಟ್ಟಿಗಿತ್ತಿಯಾಗಿದ್ದರೆ ಶನಿವಾರ ಆ ಮನೆಯ ಗೇಟು ದಾಟುತ್ತಿರಲಿಲ್ಲ. ಇವರನ್ನು ಅವರ ಒಳ್ಳೆಯದಕ್ಕೆ ಅಲ್ಲಿಗೆ ಕರೆದುಕೊಂಡು ಹೋದೆ ಎಂದು ನಾನೇ ನನಗೆ ಹೇಳಿಕೊಂಡಿದ್ದೆ. ಸುಳ್ಳು. ನನ್ನ ಕೈ ಖಾಲಿಯಾಗಲಿ ಎಂದು ಹೋದೆ. ಬಿದ್ದೇಬಿಟ್ಟೆ ಎನ್ನುವಾಗ ಎದ್ದು ಬಂದವಳು ಹೇಳುತ್ತಿದ್ದೇನೆ, ಎದ್ದು ಬರಲು ಆಗುತ್ತದೆ. ಆಗುವುದಿಲ್ಲ ಎಂದು ನನ್ನ ಮುಂದೆ ಹೇಳಬೇಡ. ಸುಂದರವಾದದ್ದು ಪಾಪ ಹೇಗಾದೀತು ಎಂದು ಬರೆದೆಯಲ್ಲ? ಸುಂದರವಾದದ್ದನ್ನು ಕದ್ದರೂ ಕಳ್ಳತನವೇ, ಪಾಸ್ಟರೇ!

ಈ ಕಾಗದ ಓದಿ ಮುಗಿಸಿ ಏಳು. ಮೊದಲು ಆ ಹೆಂಗಸಿಗೆ ಮುಖ ಕೊಟ್ಟು ಹೇಳು, ಚೀಟಿ ಕಳಿಸಬೇಡ. ಆಮೇಲೆ ಮನೆಗೆ ಹೋಗು. ಏನು ಹೇಳಬೇಕೆಂದು ತಯಾರಿ ಮಾಡಿಕೊಳ್ಳಬೇಡ, ನೀನು ತಯಾರಿ ಮಾಡಿಕೊಂಡರೆ ಕೇಳುವವರೇ ತಪ್ಪಿತಸ್ಥರಾಗುತ್ತಾರೆ. ನಡೆದದ್ದು ಹೇಳು. ಅತ್ತಿಗೆ ಬೈದರೆ ಬೈಸಿಕೋ. ಬಾಗಿಲಲ್ಲಿ ನಿಲ್ಲಿಸಿದರೆ ನಿಲ್ಲು.

ನಾನಾಗಿ ಅವರಿಗೆ ಹೇಳುವುದಿಲ್ಲ, ಅದು ನಿನ್ನ ಕೆಲಸ. ಆದರೆ ಅವರು ಕೇಳಿದರೆ ಸುಳ್ಳು ಹೇಳುವುದಿಲ್ಲ. ನಿನಗಾಗಿ ನಾನು ಏನು ಬೇಕಾದರೂ ಮಾಡಿಯೇನು, ನಿನ್ನ ನೆಪ ಮಾತ್ರ ಆಗಲಾರೆ.

ಮೊಂಡಿ

*

ಆಗಸ್ಟ್ 25

ಮೊಂಡಿ,

ನಿನ್ನ ಕಾಗದ ಮೂರು ದಿನ ಜೇಬಿನಲ್ಲೇ ಇತ್ತು. ನಾಲ್ಕನೆಯ ದಿನ ಎದ್ದೆ.

ಸಭಾಂಗಣದಲ್ಲಿ, ಬಾಗಿಲು ತೆರೆದಿಟ್ಟು, ಅವಳಿಗೆ ಹೇಳಿದೆ. ಅವಳು ಆರ್ಗನ್ ಮೇಲೆ ಬಟ್ಟೆ ಮುಚ್ಚಿದಳು. "ನನಗೂ ಒಂದು ಮಾತು ಕೊಟ್ಟಿದ್ರಿ" ಎಂದಳು. ಅದು ನಿಜ. ಕೊಡಬಾರದ ಮಾತು ಕೊಟ್ಟು ಅವಳನ್ನೂ ಕೆಡಿಸಿದೆ. ಕ್ಷಮೆ ಕೇಳಿದೆ. ಅವಳು ಅಕ್ಕನ ಊರಿಗೆ ಹೋದಳೆಂದು ಆಮೇಲೆ ತಿಳಿಯಿತು.

ಮನೆಗೆ ಹೋದಾಗ ನಿನ್ನ ಅತ್ತಿಗೆ ಪೂರಕ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಕುಳಿತುಕೊಳ್ಳದೆ ಎಲ್ಲ ಹೇಳಿದೆ. ಅವಳು ಕೈಯಲ್ಲಿದ್ದ ಪತ್ರಿಕೆಯನ್ನು ಕೊನೆಯವರೆಗೆ ತಿದ್ದಿ, ಪೆನ್ನು ಮುಚ್ಚಿ ಹೇಳಿದಳು: "ಊಟ ಇದೆ. ಮಾತು ಇಲ್ಲ."

ಹನ್ನೆರಡು ವಾರ ಹಾಗೇ ಇತ್ತು. ಊಟ ಇತ್ತು, ಮಾತು ಇರಲಿಲ್ಲ.

ಜೂನ್ ಮೊದಲ ಭಾನುವಾರ ಸಭೆಯ ಮುಂದೆ ನಿಂತು ನಡೆದದ್ದು ಹೇಳಿ ಪಾಸ್ಟರ ಪೀಠ ಬಿಟ್ಟೆ. ಕೆಲವರು ಎದ್ದು ಹೋದರು, ಒಬ್ಬರು ಅಜ್ಜಿ ಬಂದು ನನ್ನ ಕೈ ಹಿಡಿದುಕೊಂಡರು. ಈಗ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಬೇರೆಯವರ ಪ್ರಸಂಗ ಎಷ್ಟು ಉದ್ದ ಎಂದು ಮೊದಲ ಸಲ ಗೊತ್ತಾಗುತ್ತಿದೆ. ಒಂದು ಬೇಕರಿಯಲ್ಲಿ ಹಿಟ್ಟು ಕಲಸುವ ಕೆಲಸ ಸಿಕ್ಕಿದೆ. ತೋಳು ನೋಯುತ್ತದೆ, ಆದರೆ ಕಲಸಿದ್ದು ಸರಿಯಿದೆಯೋ ಇಲ್ಲವೋ ಸಂಜೆಯೊಳಗೆ ಗೊತ್ತಾಗಿಬಿಡುತ್ತದೆ. ಪೀಠದಲ್ಲಿ ಆ ಅನುಕೂಲ ಇರಲಿಲ್ಲ.

ಹೋದ ವಾರ ಅವಳು ಹಿತ್ತಿಲಲ್ಲಿ ಬಟ್ಟೆ ಹರವುತ್ತಾ ಕೂಗಿದಳು: "ಹಾಲು ಉಕ್ತಾ ಇದೆ, ನೋಡ್ಬಾರ್ದಾ?" ಓಡಿಹೋಗಿ ಒಲೆ ಆರಿಸಿದೆ. ಅಲ್ಲೇ ನಿಂತು ಅತ್ತೆ.

ಒಂದು ಕೇಳಲೇ? ನನಗೆ ಆ ಹಾಡುಗಳು ಇನ್ನೂ ಕಿವಿಯಲ್ಲಿವೆ. ನಿನಗೆ ಹೇಗಿದೆ? ಆ ಫ್ರೇಮಿನವರ ನೆನಪನ್ನು ದೇವರು ತೆಗೆದುಹಾಕಿದನೇ?

ಅಣ್ಣ

*

ಸೆಪ್ಟೆಂಬರ್ 2

ಅಣ್ಣಾ,

ಅತ್ತಿಗೆಗೆ ನನ್ನ ಕಡೆಯಿಂದ ವಂದನೆ ಹೇಳು. "ಊಟ ಇದೆ, ಮಾತು ಇಲ್ಲ" ಎನ್ನಲು ಎಷ್ಟು ಗಟ್ಟಿ ಎದೆ ಬೇಕು! ಮನೆಯ ಗಟ್ಟಿಗಿತ್ತಿ ಅವರು, ನಾನಲ್ಲ.

ನಾನೂ ಒಂದು ಕೆಲಸ ಮಾಡಿದೆ. ಜುಲೈಯಲ್ಲಿ ಪ್ರಾರ್ಥನಾ ಕೂಟದಲ್ಲಿ ಒಬ್ಬರು ಎದ್ದು "ನಮ್ಮ ಈ ಸಹೋದರಿಯ ತ್ಯಾಗ ನೋಡಿ" ಎಂದು ಶುರು ಮಾಡಿದರು. ನಾನು ಎದ್ದು ನಿಂತೆ. "ಹೊಗಳಿದ್ದು ಸಾಕು. ನಾನು ಹೆಚ್ಚುಕಮ್ಮಿ ಬಿಟ್ಟು ಹೋಗಿದ್ದೆ. ಮಂಗಳವಾರ ಯಾರು ಬರ್ತೀರ, ಶುಕ್ರವಾರ ಯಾರು ಬರ್ತೀರ, ಅದು ಹೇಳಿ" ಎಂದೆ. ಎಲ್ಲರೂ ಹಾಡಿನ ಪುಸ್ತಕ ತಿರುವತೊಡಗಿದರು. ಆಮೇಲೆ ಒಬ್ಬ ದರ್ಜಿ ಕೈ ಎತ್ತಿದರು, ಹಿಂದೆಯೇ ಇಬ್ಬರು ಹೆಂಗಸರು. ಈಗ ವಾರಕ್ಕೆ ಮೂರು ಸಂಜೆ ನನಗೆ ಬಿಡುವು. ದರ್ಜಿಗೆ ಇವರು ಬಸ್ಸುಗಳನ್ನು ಎಡಗೈಯಲ್ಲಿ ತೋರಿಸಿ ಏನೇನೋ ವಿವರಿಸುತ್ತಾರೆ, ಅವರು ಅದಕ್ಕೆಲ್ಲ "ಹೌದಾ? ಆಮೇಲೆ?" ಎನ್ನುತ್ತಾರೆ. ಭಾಷೆ ಕಲಿಯುತ್ತಿದ್ದಾರೆ.

ನಿನ್ನ ಪ್ರಶ್ನೆಗೆ ಬರುತ್ತೇನೆ. ಇಲ್ಲ, ತೆಗೆದುಹಾಕಿಲ್ಲ. ಫ್ರೇಮುಗಳ ಪೆಟ್ಟಿಗೆಯನ್ನು ಈಗ ಬೇರೆ ಯಾರೋ ತರುತ್ತಾರೆ. ಆದರೂ ಬಾಗಿಲಿನ ಗಂಟೆ ಬಾರಿಸಿದರೆ ನನ್ನ ಕೈ ತಾನಾಗಿ ಕೂದಲಿಗೆ ಹೋಗುತ್ತದೆ. ಹೋದ ತಿಂಗಳು ಅವರಿಂದ ಒಂದು ಕಾಗದ ಬಂತು. ಅಂಗಡಿ ತೆರೆದಾಯಿತಂತೆ. ಹಿಂದಿನ ಕೋಣೆಯಲ್ಲಿ ಕಿಟಕಿ ಪಕ್ಕ ಒಂದು ಕುರ್ಚಿ ಖಾಲಿ ಇಟ್ಟಿದ್ದಾರಂತೆ, ಯಾವತ್ತು ಬಂದರೂ ಸರಿಯಂತೆ. ಎರಡು ಸಲ ಓದಿದೆ. ಮೂರನೆಯ ಸಲ ಓದಬೇಕೆನ್ನಿಸಿತು. ಎದ್ದು ಒಲೆಗೆ ಹಾಕಿದೆ. ಆ ಒಲೆಯ ಮೇಲೇ ಇವರಿಗೆ ಗಂಜಿ ಕಾಯಿಸಿದೆ. ಗಂಜಿ ತಳ ಹಿಡಿಯಿತು, ಇವರಿಂದ ಬೈಸಿಕೊಂಡೆ. ಈ ಸಲ ನಿಜವಾಗಿಯೂ ಬೈದರು.

ಒಂದು ಸಲ ಗೆದ್ದರೆ ಮುಗಿಯಿತು ಎಂದು ನಿನಗೆ ಯಾರು ಹೇಳಿದರು? ನೀನೇ ಪ್ರಸಂಗದಲ್ಲಿ ಹೇಳಿರಬೇಕು. ಕಿವಿಯಲ್ಲಿ ಹಾಡು ಇದ್ದರೆ ಇರಲಿ, ಹಿಟ್ಟು ಕಲಸು. ಬೆಳಗ್ಗೆ ಎದ್ದ ಕೂಡಲೇ ನಾನು ದೇವರಿಗೆ ಒಂದೇ ಮಾತು ಹೇಳುತ್ತೇನೆ: ಇವತ್ತೂ ಇಲ್ಲೇ ಇದ್ದೇನೆ, ನೀನೂ ಇರು.

ಶೋಧನೆ ಎಲ್ಲಿಗೂ ಹೋಗಿಲ್ಲ, ಅಣ್ಣಾ. ನಾನೂ ಹೋಗಿಲ್ಲ.

ನಿನ್ನ ತಂಗಿ